ತಡೆದು ಬರುವ ಸ್ವರ

ಪಿಯಾನೋ ತರುತ್ತೇನೆ ಎಂದು ನಮ್ಮಕ್ಕ ಹೇಳಿದ್ದು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. ಯಾರನ್ನೂ ಕೇಳಲಿಲ್ಲ. ಆ ಮನೆಯಲ್ಲಿ ಅವಳು ಯಾವತ್ತೂ ಯಾರನ್ನೂ ಏನನ್ನೂ ಕೇಳಿದವಳಲ್ಲ. ಮಗ ತಲೆಯಾಡಿಸಿದ, ಅವನ ತಲೆ ಇರುವುದೇ ಅಮ್ಮನ ಮುಂದೆ ಆಡಿಸುವುದಕ್ಕೆ. ಸೊಸೆ ಮಾತ್ರ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಬೆರಳು ನಡುಗುವುದು ಅತ್ತೆಗೆ ಕಾಣಬಾರದಲ್ಲ. ನನಗೆ ಕಂಡಿತು. ನಾನು ಅಕ್ಕನ ಬೆನ್ನಿಗೆ ಹುಟ್ಟಿದವಳು, ಮದುವೆಯ ಗೊಡವೆಗೆ ಹೋಗದೆ ಆ ಮನೆಯ ಮಾಳಿಗೆಯ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕಿದವಳು. ಸೂಜಿಗೆ ದಾರ ಪೋಣಿಸಿದ ಕಣ್ಣು ಇನ್ನೂ ಕೈಕೊಟ್ಟಿಲ್ಲ.

ಸೊಸೆಯ ಬೆರಳು ಯಾಕೆ ನಡುಗಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ಆ ಮನೆಯ ಮೇಲೆ ಆಸೆ ಹುಟ್ಟಿದ್ದೇ ಅಲ್ಲೊಂದು ಪಿಯಾನೋ ಇದೆ ಎಂದು ಕೇಳಿ. ಹುಡುಗಿ ಚೆನ್ನಾಗಿ ನುಡಿಸುತ್ತಿದ್ದಳು, ಸುಮ್ಮನೆ ಹೊಗಳುತ್ತಿಲ್ಲ. ಕೆಳಗೆ ಅವಳು ನುಡಿಸುತ್ತಿದ್ದರೆ ಮೇಲೆ ನನ್ನ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಆದರೆ ಪಿಯಾನೋ ಅಕ್ಕನ ಮಗಳದು. ಆ ಮಗಳನ್ನು ನಾವೆಲ್ಲ ಗುಬ್ಬಿ ಎನ್ನುತ್ತಿದ್ದೆವು. ಗುಬ್ಬಿ ಒಳ್ಳೆಯ ಹುಡುಗಿ, ಅತ್ತಿಗೆಗೆ ಜಾಗ ಬಿಟ್ಟು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಸೊಸೆ ಬಂದು ಒಂದು ವರ್ಷ ತುಂಬುವುದರೊಳಗೆ ಗುಬ್ಬಿ ಜ್ವರದಲ್ಲಿ ಹೋಗಿಬಿಟ್ಟಳು. ಅಕ್ಕ ಆ ಪಿಯಾನೋವನ್ನು ನೋಡಲಾರೆ ಎಂದು ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟಳು. ಅವನು ಅದನ್ನು ಒಡೆದು ಹಲಗೆ ಬೇರೆ, ತಂತಿ ಬೇರೆ ಮಾಡಿ ಮಾರಿದ. ಅಂದಿನಿಂದ ಸೊಸೆ ನುಡಿಸಿದ್ದೆಲ್ಲ ಊಟದ ಮೇಜಿನ ಮೇಲೆ. ಪಾತ್ರೆ ತೊಳೆದು ಮೇಜು ಒರೆಸಿ, ಬರಿಯ ಹಲಗೆಯ ಮೇಲೆ ಬೆರಳು ಓಡಿಸುತ್ತಿದ್ದಳು, ಸದ್ದಿಲ್ಲದೆ.

ಈಗ ನಮ್ಮ ಬೀದಿಯ ತುದಿಯ ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿಸುತ್ತಿದ್ದಾಕೆ ಬಿಟ್ಟು ಹೋಗುವವಳಿದ್ದಳು. ಶಾಲೆಯ ಮುಖ್ಯಸ್ಥೆ ಸೊಸೆಗೆ ಹೇಳಿದ್ದಳಂತೆ, ಕೈ ಬಳಕೆಯಲ್ಲಿಟ್ಟುಕೊಳ್ಳಿ, ರಜೆ ಮುಗಿಯುವುದರೊಳಗೆ ಒಂದು ದಿನ ಕೇಳುತ್ತೇನೆ ಎಂದು. ಇಷ್ಟೇ ಅವಳ ಆಸೆ. ಬಂಗಲೆ ಬೇಡ, ಬಂಗಾರ ಬೇಡ. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಬೀದಿಯ ತುದಿಯವರೆಗೆ ನಡೆದುಹೋಗಿ ಮಕ್ಕಳಿಗೆ ಕಲಿಸುವುದು. ಅದಕ್ಕೆ ಕೈ ಬಳಕೆಯಲ್ಲಿರಬೇಕು, ಕೈ ಬಳಕೆಗೆ ಪಿಯಾನೋ ಬೇಕು, ಪಿಯಾನೋಗೆ ನಮ್ಮಕ್ಕನ ದಯೆ ಬೇಕು.

ಅಕ್ಕನಿಗೆ ಬೇಕಾಗಿದ್ದೇ ಬೇರೆ. ಅವಳಿಗೆ ಗುಬ್ಬಿಯ ಪಿಯಾನೋದ ಸದ್ದು ಬೇಕಿತ್ತು. ಅದರಂಥದು ಇನ್ನೊಂದು ಎಲ್ಲಾದರೂ ಇದ್ದೇ ಇರುತ್ತದೆ, ಕಿವಿಯಿಂದ ಹುಡುಕಿ ತರುತ್ತೇನೆ ಎಂದಳು. ಅದರಲ್ಲೂ ಗುಬ್ಬಿ ಯಾವಾಗಲೂ ನುಡಿಸುತ್ತಿದ್ದ ಒಂದು ಸಣ್ಣ ಪಾಠವಿತ್ತು, ಕಲಿಯಲು ಕೂತ ಮಕ್ಕಳಿಗೆಲ್ಲ ಮೊದಲು ಹೇಳಿಕೊಡುವಂಥದು. ಅದರ ನಡುವೆ ಒಂದು ಕಡೆ ಗುಬ್ಬಿ ಚೂರು ನಿಂತು ಮುಂದೆ ಹೋಗುತ್ತಿದ್ದಳು. ಬಂದವರೆದುರೆಲ್ಲ ಅಕ್ಕ ಅದನ್ನೇ ಹೇಳುವಳು: ಅಲ್ಲಿ ನನ್ನ ಮಗಳು ಉಸಿರು ಬಿಗಿಹಿಡಿಯುತ್ತಿದ್ದಳು, ಎಂಥ ಭಾವ, ಎಂಥ ಮನಸ್ಸು, ಹಾಗೆ ನಿಲ್ಲುವುದು ಇನ್ನು ಯಾರಿಗೆ ಬಂದೀತು. ಹೇಳಿ ಕಣ್ಣೊರೆಸಿಕೊಳ್ಳುವಳು. ಬಂದವರೂ ಒರೆಸಿಕೊಳ್ಳುವರು.

ಭಾವವಂತೆ, ನನ್ನ ತಲೆ! ಆ ಹಳೇ ಪಿಯಾನೋ ತೇವದ ಗೋಡೆಗೆ ಒರಗಿತ್ತು. ಅದರ ಒಂದು ಕಪ್ಪು ಕೀ ಒತ್ತಿದರೆ ಒಳಗೇ ಅಂಟಿಕೊಂಡು ಕೂರುತ್ತಿತ್ತು. ಪಾಠದಲ್ಲಿ ಅದೇ ಕೀಯನ್ನು ಬೆನ್ನುಬೆನ್ನಿಗೇ ಎರಡು ಸಲ ಒತ್ತಬೇಕು. ಪಾಪ ಮಗು ಒಮ್ಮೆ ಒತ್ತಿ, ಅಂಟಿದ್ದನ್ನು ಕಿರುಬೆರಳ ಉಗುರಿನಿಂದ ಮೇಲೆಬ್ಬಿಸಿ, ಮತ್ತೆ ಒತ್ತುತ್ತಿದ್ದಳು. ಆ ತಡೆ ಹುಟ್ಟಿದ್ದು ಅಲ್ಲಿ. ರಿಪೇರಿಯವರನ್ನು ಕರೆಸಮ್ಮ ಎಂದು ಗುಬ್ಬಿ ಎಷ್ಟು ಗೋಗರೆದಿದ್ದಳು! ಕರೆಸೋಣ ಕರೆಸೋಣ ಎನ್ನುತ್ತಲೇ ಅಕ್ಕ ದಿನ ತಳ್ಳಿದಳು. ಒಂದು ಸಲವಂತೂ ಬೆರಳಿಗೆ ಬಲವಿಲ್ಲದೆ ಕೀ ಮೇಲೆ ದೂರು ಹೇಳ್ತೀಯಾ ಎಂದು ರೇಗಿದಳು. ಗುಬ್ಬಿಯ ಆ ಉಗುರು ಯಾವಾಗಲೂ ಸೀಳಿರುತ್ತಿತ್ತು. ಅದಕ್ಕೆ ಎಣ್ಣೆ ಹಚ್ಚುತ್ತಿದ್ದವಳು ನಾನು.

ಇದನ್ನು ಅಕ್ಕನ ಮುಖಕ್ಕೇ ಹೇಳಿದೆ, ಪಿಯಾನೋ ನೋಡಲು ಹೊರಟ ದಿನವೇ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ. ಅಕ್ಕಾ, ಅದು ಭಾವವಲ್ಲ, ಕೀ ಅಂಟುತ್ತಿತ್ತು ಎಂದೆ. ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ನಿಧಾನವಾಗಿ ಎದ್ದಳು.

"ನೀನು ಹೆತ್ತವಳಲ್ಲ," ಎಂದಳು. "ನಿನಗೆ ಕೀ ಕಾಣುತ್ತೆ. ನನಗೆ ಮಗಳು ಕಾಣ್ತಾಳೆ."

ಆದರೂ ಹಿಂದೆಯೇ ಹೋದೆ. ಸೊಸೆ ನನ್ನ ತೋಳು ಹಿಡಿದಿದ್ದಳು. ನಾನು ಜಗಳ ತೆಗೆದರೆ ಎಲ್ಲಿ ಪಿಯಾನೋ ತಪ್ಪಿಹೋಗುತ್ತದೋ ಎಂಬ ಭಯ ಅವಳಿಗೆ.

ಪಿಯಾನೋ ಅಂಗಡಿಯೆಂದರೆ ಉದ್ದನೆಯ ಹಳೇ ಗೋದಾಮು. ಮಾಲೀಕನೇ ಮಾರುವವನು, ಅವನೇ ಶ್ರುತಿ ಮಾಡುವವನು. ಅವನದೊಂದು ಪದ್ಧತಿಯಿತ್ತು. ಗಿರಾಕಿಗಳು ಪಾಲಿಶ್ ನೋಡಿ ಮರುಳಾಗುತ್ತಾರೆಂದು ಅವರನ್ನು ಗೋಡೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸುತ್ತಿದ್ದ. ತಾನು ಹಿಂದಿನಿಂದ ಒಂದೊಂದೇ ಪಿಯಾನೋ ನುಡಿಸುತ್ತಾ ಹೋಗುವುದು, ಅವರು ಬೆನ್ನು ತಿರುಗಿಸಿಕೊಂಡೇ ಬೇಕು ಬೇಡ ಹೇಳುವುದು. ಅಕ್ಕನಿಗೆ ಈ ಪದ್ಧತಿ ಬಹಳ ಹಿಡಿಸಿತು. ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ನ್ಯಾಯಾಧೀಶೆಯ ಹಾಗೆ ಕೂತಳು.

ಸೊಸೆ ಆ ಪಾಠವನ್ನು ಗುನುಗಿ ತೋರಿಸಿದಳು, ಅವನು ನುಡಿಸತೊಡಗಿದ. ಮೊದಲನೆಯದು ಕಿವಿಗೆ ಚುಚ್ಚುತ್ತದೆ ಎಂದಳು ಅಕ್ಕ. ಮುಂದಿನದು ಬಕೆಟ್ಟಿನೊಳಗೆ ಕೂತು ಮಾತಾಡಿದ ಹಾಗಿದೆಯಂತೆ. ಇನ್ನೊಂದಕ್ಕೆ ನೆಗಡಿಯಂತೆ. ಕರಿ ಪಾಲಿಶಿನ ದೊಡ್ಡದೊಂದನ್ನು ಅವನು ಮೈಮರೆತು ನುಡಿಸಿದ. ನನಗಂತೂ ಮೈ ಝುಮ್ಮೆಂದಿತು. ಅಕ್ಕ ಗೋಡೆಗೆ ಹೇಳಿದಳು: ಇದಕ್ಕೆ ಮಾನ ಮರ್ಯಾದೆ ಇಲ್ಲ, ಎಲ್ಲೂ ನಿಲ್ಲದೆ ಓಡುತ್ತದೆ. ಅಂಗಡಿಯಾತ ಬೆವರು ಒರೆಸಿಕೊಂಡು, ಅಮ್ಮಾ, ಓಡುವುದು ನಾನು, ಪಿಯಾನೋ ಅಲ್ಲ ಎಂದ. ಯಾರಾದರೂ ಆಗಲಿ, ಮುಂದಿನದು ಎಂದಳು ಅಕ್ಕ.

ಕೊನೆಗೆ ಅವನು ಸೋತು, ಫೋನು ಬಂತೆಂಬ ನೆಪ ಮಾಡಿ ಒಳಗೆ ಹೋದ. ಅಕ್ಕ ಕುರ್ಚಿಯಿಂದ ಅಲುಗಲಿಲ್ಲ. ಅವನು ಪಕ್ಕದಲ್ಲೇ ಇನ್ನೊಂದನ್ನು ಸರಿಪಡಿಸಿಕೊಳ್ಳುತ್ತಿದ್ದಾನೆಂದೇ ಅಂದುಕೊಂಡಿದ್ದಳು. ಆಗ ಸೊಸೆ ನನ್ನ ತೋಳು ಬಿಟ್ಟಳು.

ಮೂಲೆಯಲ್ಲಿ ಕಂದು ಬಣ್ಣದ ಚಿಕ್ಕ ಪಿಯಾನೋ ಒಂದಿತ್ತು. ಯಾರೋ ಬಳಸಿ ಕೊಟ್ಟದ್ದು. ಅವಳು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಡೆದುಹೋಗಿ ಅದರ ಮುಂದೆ ಕೂತಳು. ನನ್ನ ಕಡೆ ಒಮ್ಮೆ ನೋಡಿದಳು. ಅಷ್ಟು ಚುರುಕು ಮುಖವನ್ನು ಅವಳಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಪಾಠ ಶುರುವಾಯಿತು. ಗುಬ್ಬಿಯ ಹಾಗೆಯೇ ಮೆಲ್ಲಗೆ, ಗುಬ್ಬಿಯ ಹಾಗೆಯೇ ಎಡಗೈ ಒಂದು ಚೂರು ಹಿಂದೆ. ಆ ಜಾಗ ಬಂತು. ಕಪ್ಪು ಕೀಯನ್ನು ಒತ್ತಿದಳು, ನಿಂತಳು. ಸುಳ್ಳುಸುಳ್ಳೇ ನಿಂತಳು. ಮತ್ತೆ ಒತ್ತಿ ಮುಂದೆ ಹೋದಳು.

ಅಕ್ಕನ ಭುಜ ಅಲುಗಿತು. ಬ್ಯಾಗು ಮಡಿಲಿಂದ ಜಾರಿ ಬಿತ್ತು.

"ಇದೇ," ಎಂದಳು. "ಇದೇ ಕಣ್ರೀ. ನನ್ನ ಮಗಳು ಬಂದ್ಲು."

ತಿರುಗಿದಳು. ಅಲ್ಲಿ ಕೂತಿದ್ದವಳು ಸೊಸೆ. ಅಕ್ಕನ ಮುಖದಲ್ಲಿದ್ದ ಬೆಳಕು ಆರಿದ್ದನ್ನು ನಾನು ಕಣ್ಣಾರೆ ಕಂಡೆ. ಅಸಹ್ಯ, ಕಣ್ಣಿಗೆ ರಾಚುವ ಅಸಹ್ಯ. ಸತ್ತವಳ ಬಟ್ಟೆ ತೊಟ್ಟು ನಿಂತವಳನ್ನು ನೋಡಿದ ಹಾಗೆ. ಅಷ್ಟರಲ್ಲಿ ಅಂಗಡಿಯಾತ ಓಡಿಬಂದ. ಯಾಕೆ ನಡುವೆ ನಿಂತಿರಿ, ಕೀ ಏನಾದರೂ ಅಂಟುತ್ತಿದೆಯಾ ಎಂದು ಬಗ್ಗಿ ತಾನೇ ಒತ್ತಿ ನೋಡಿದ. ಬೆರಳು ತೆಗೆದ ಕೂಡಲೇ ಕೀ ಮೇಲೆದ್ದಿತು. ಅಂಟುತ್ತಿಲ್ಲ, ಅದು ಹಾಗೇ ಬರಬೇಕು, ಇದನ್ನು ಮನೆಗೆ ಕಳಿಸಿ ಎಂದು ಹೇಳಿ ಅಕ್ಕ ಹೊರಗೆ ನಡೆದಳು.

ಮನೆಗೆ ಬರುವಾಗ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು, ಒಮ್ಮೆ ಅದು ಮನೆಯೊಳಗೆ ಕಾಲಿಡಲಿ ಚಿಕ್ಕಮ್ಮಾ, ಆಮೇಲೆ ನನ್ನ ಕೈ ತಡೆಯುವವರು ಯಾರು ಎಂದು. ನಗುತ್ತಿದ್ದಳು. ನಾನೂ ನಕ್ಕೆ. ನಮ್ಮಕ್ಕನನ್ನು ಹುಟ್ಟಿನಿಂದ ಬಲ್ಲವಳು ನಾನು, ಆದರೂ ನಕ್ಕೆ.

ಪಿಯಾನೋ ಬಂತು, ಅದೇ ಗೋಡೆಗೆ ಒರಗಿತು. ಗೋಡೆಯನ್ನು ಈಗ ಒಣಗಿಸಿ ಬಣ್ಣ ಹೊಡೆಸಿದ್ದಳು ಅಕ್ಕ, ಬದುಕಿದ್ದಾಗ ಮಗಳಿಗೆ ಮಾಡದ ಉಪಚಾರ. ಸಂಜೆ ಬೆತ್ತದ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ಬೆನ್ನು ಹಾಕಿ ಕೂತು, ಹೂಂ ಎಂದಳು. ಸೊಸೆ ಗುಬ್ಬಿಯ ಪಾಠ ನುಡಿಸಿದಳು, ತಡೆಯ ಸಮೇತ. ಮುಗಿಸಿ, ಅದೇ ಉಸಿರಿನಲ್ಲಿ ತನಗಿಷ್ಟವಾದ ಇನ್ನೊಂದನ್ನು ಎತ್ತಿಕೊಂಡಳು. ಒಂದು ಸಾಲು ಮುಗಿದಿರಲಿಲ್ಲ, ಅಕ್ಕ ಎದ್ದು ಬಂದು ಮುಚ್ಚಳವನ್ನು ಧಡ್ಡನೆ ಕೆಡವಿದಳು. ಸೊಸೆ ಕೈ ಎಳೆದುಕೊಂಡಳು, ಪೂರ್ತಿ ಎಳೆದುಕೊಳ್ಳಲಾಗಲಿಲ್ಲ. ಕಿರುಬೆರಳ ಉಗುರು ಕಪ್ಪಾಯಿತು.

"ಅವಳು ಇದನ್ನ ನುಡಿಸ್ತಿರ್ಲಿಲ್ಲ," ಎಂದಳು ಅಕ್ಕ.

ಅಲ್ಲಿಂದ ಅದೇ ಕಾನೂನಾಯಿತು. ದಿನಾ ಸಂಜೆ ಅದೊಂದೇ ಪಾಠ, ಅಕ್ಕನ ಮನಸ್ಸು ತುಂಬುವವರೆಗೆ ಮತ್ತೆ ಮತ್ತೆ. ಉಳಿದ ಹೊತ್ತು ಪಿಯಾನೋದ ಮೇಲೆ ಹೊದಿಕೆ. ಆ ಹೊದಿಕೆ ಹೊಲಿದುಕೊಡು ಎಂದು ನನ್ನನ್ನೇ ಕೇಳಿದಳು. ಕೈ ನೋಯುತ್ತಿದೆ ಎಂದೆ. ಹೊರಗಿನಿಂದ ತರಿಸಿದಳು. ಹಗಲಲ್ಲಿ ಅಕ್ಕ ಆ ಕೋಣೆ ಬಿಟ್ಟು ಕದಲುತ್ತಿರಲಿಲ್ಲ. ಓದುವುದು, ತೂಕಡಿಸುವುದು, ಎಲ್ಲ ಅಲ್ಲೇ. ಬಂದವರಿಗೆ ಹೊದಿಕೆ ಸರಿಸಿ, ಇದು ನಮ್ಮ ಗುಬ್ಬಿಯ ಪಿಯಾನೋ ಎನ್ನುತ್ತಿದ್ದಳು. ಸೊಸೆ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದರೂ, ಇವಳಿಗೇನೂ ಬರುವುದಿಲ್ಲ, ನನ್ನ ಮಗಳನ್ನು ನೋಡಿ ಇದೊಂದನ್ನು ಕಲಿತಿದ್ದಾಳೆ ಎಂದು ನಗುತ್ತಿದ್ದಳು. ಸೊಸೆಯೂ ನಗಬೇಕಿತ್ತು. ನಗುತ್ತಿದ್ದಳು.

ಒಂದು ಸಂಜೆ ಸೊಸೆ ರೋಸಿಹೋಗಿ ಪಾಠವನ್ನು ತಡೆಯಿಲ್ಲದೆ ನೆಟ್ಟಗೆ ನುಡಿಸಿಬಿಟ್ಟಳು. ಅಕ್ಕ ಕೂಗಾಡಲಿಲ್ಲ. ಎದ್ದು ಹೋಗಿ ಮಲಗಿದಳು, ಊಟ ಬಿಟ್ಟಳು, ಗೋಡೆಯ ಕಡೆ ತಿರುಗಿ ಗುಬ್ಬಿಯ ಹೆಸರು ಹಿಡಿದು ಅತ್ತಳು. ಮಾರನೆಯ ದಿನವೂ ನೀರು ಮುಟ್ಟಲಿಲ್ಲ. ಮಗರಾಯ ಗಾಬರಿಯಾಗಿ, ಕೆಲಸಕ್ಕೆ ಹೋಗದೆ, ಹೆಂಡತಿಯ ಮುಂದೆ ಬಂದು ನಿಂತ.

"ಒಂದು ಕಡೆ ನಿಂತು ಮುಂದೆ ಹೋದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದ. "ಅಮ್ಮ ಸತ್ತೋದ್ರೆ ನಿನಗೆ ಸಮಾಧಾನವಾ?"

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ, ಎತ್ತಿ ಆಡಿಸಿದ ಕೂಸು ಎಂದು ಸುಮ್ಮನಾದೆ. ಅವತ್ತು ಸಂಜೆ ಸೊಸೆ ತಡೆದು ನುಡಿಸಿದಳು. ಅಕ್ಕ ಎದ್ದು ಬಂದು ಬೆತ್ತದ ಕುರ್ಚಿಯಲ್ಲಿ ಕೂತು ಬ್ರೆಡ್ಡು ಹಾಲು ತಿಂದಳು.

ರಜೆ ಮುಗಿಯುತ್ತಾ ಬಂದಿತ್ತು. ಮುಖ್ಯಸ್ಥೆ ಹೇಳಿಕಳಿಸಿದಳು. ಶಾಲೆಗೆ ಹೋಗಿ ಪರೀಕ್ಷೆ ಕೊಡುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿಸಿದ್ದಲ್ಲ, ಬೇಕಿದ್ದರೆ ಅವಳೇ ಇಲ್ಲಿ ಬಂದು ಕೇಳಲಿ ಎಂದಳು ಅಕ್ಕ. ಇಷ್ಟಕ್ಕಾದರೂ ಒಪ್ಪಿದಳಲ್ಲ ಎಂದು ನಾವು ಬೆರಗಾದೆವು. ಈಗ ನೋಡಿದರೆ, ಏನಾಗುತ್ತದೆಂದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತೇನೋ.

ನಾವಿಬ್ಬರೂ ಮಾಳಿಗೆಯ ನನ್ನ ಕೋಣೆಯಲ್ಲಿ ತಯಾರಾದೆವು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳು ಬೆರಳು ಓಡಿಸುವುದು, ನಾನು ಕತ್ತರಿಯ ಹಿಡಿಯಿಂದ ತಾಳ ಕುಟ್ಟುವುದು. ಮಕ್ಕಳ ಪಾಠವನ್ನೇ ಮೊದಲು ಕೇಳುತ್ತಾಳೆಂದು ಗೊತ್ತಿತ್ತು, ಕಲಿಸಬೇಕಾದದ್ದು ಅದನ್ನೇ ಅಲ್ಲವೇ. ಮೇಜಿನ ಮೇಲೆ ಅದು ನೀರು ಹರಿದ ಹಾಗೆ ಹೋಗುತ್ತಿತ್ತು, ಎಲ್ಲೂ ತಡೆಯಿಲ್ಲ. ಅತ್ತೆ ಉಪವಾಸ ಬಿದ್ದರೆ ಬೀಳಲಿ ಚಿಕ್ಕಮ್ಮಾ, ಆ ದಿನ ನೆಟ್ಟಗೆ ನುಡಿಸುತ್ತೇನೆ ಎಂದಳು. ಉಪವಾಸಕ್ಕೆ ನಾನು ಜವಾಬ್ದಾರಿ, ನೀನು ನುಡಿಸು ಎಂದೆ. ಅವಳಿಗೆಂದು ನೀಲಿ ರವಿಕೆಯೊಂದನ್ನು ಹೊಲಿದೆ, ತೋಳು ಸಡಿಲ ಬಿಟ್ಟು, ಕೈ ಆಡುವಂತೆ.

ಮುಖ್ಯಸ್ಥೆ ಬಂದಳು. ಎತ್ತರದ ಹೆಂಗಸು, ಮಾತು ಕಡಿಮೆ, ಆದರೆ ಕಣ್ಣಲ್ಲಿ ಕನಿಕರವಿತ್ತು. ಅಕ್ಕ ಅವಳನ್ನು ಚೆನ್ನಾಗಿಯೇ ಮಾತಾಡಿಸಿ, ತಾನು ಎಂದಿನಂತೆ ಬೆನ್ನು ತಿರುಗಿಸಿ ಕುರ್ಚಿಯಲ್ಲಿ ಕೂತಳು. ಮುಖ್ಯಸ್ಥೆ ನಿರೀಕ್ಷಿಸಿದ್ದನ್ನೇ ಕೇಳಿದಳು. ಮೊದಲು ಮಕ್ಕಳ ಆ ಸಣ್ಣ ಪಾಠ, ಆಮೇಲೆ ನಿಮಗಿಷ್ಟವಾದದ್ದು.

ಸೊಸೆ ಶುರು ಮಾಡಿದಳು. ನಾನು ಬಾಗಿಲಿಗೆ ಒರಗಿ ನಿಂತು ಸೀರೆಯ ಮಡಿಕೆಯೊಳಗೆ ಬೆರಳಲ್ಲಿ ತಾಳ ಹಾಕುತ್ತಿದ್ದೆ. ಆ ಜಾಗ ಬಂತು. ಕೀ ಒತ್ತಿದಳು. ಕೈ ನಿಂತಿತು.

ಅವಳು ನಿಲ್ಲಿಸಲಿಲ್ಲ, ಅವಳ ಮುಖ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಕೈ ತಾನಾಗಿ ನಿಂತಿತು. ಮನ್ನಿಸಿ, ಮತ್ತೊಮ್ಮೆ ಎಂದು ಮೊದಲಿನಿಂದ ಎತ್ತಿಕೊಂಡಳು. ಮತ್ತೆ ಅಲ್ಲೇ ನಿಂತಿತು. ಮೂರನೆಯ ಸಲ ಹಲ್ಲು ಕಚ್ಚಿಕೊಂಡು, ಕುತ್ತಿಗೆಯ ನರ ಉಬ್ಬುವ ಹಾಗೆ ಬಿಗಿಹಿಡಿದು ನುಡಿಸಿದಳು. ಕಿರುಬೆರಳು ಕಪ್ಪು ಕೀಯ ಪಕ್ಕಕ್ಕೆ ಹೋಗಿ, ಇಲ್ಲದ ಅಂಟನ್ನು ಉಗುರಿನಿಂದ ಮೀಟಿ ಎಬ್ಬಿಸಿತು. ಗುಬ್ಬಿ ಮಾಡುತ್ತಿದ್ದ ಹಾಗೆಯೇ.

ಮುಖ್ಯಸ್ಥೆ ಒಳ್ಳೆಯವಳು. ಆ ಕೀ ಏನಾದರೂ ಅಂಟಿಕೊಳ್ಳುತ್ತಾ ಎಂದು ತಾನಾಗಿಯೇ ಕೇಳಿದಳು. ಬಾವಿಗೆ ಬಿದ್ದವಳಿಗೆ ಹಗ್ಗ ಇಳಿಬಿಟ್ಟ ಹಾಗೆ. ಸೊಸೆ ಬಾಯಿ ತೆರೆಯುವುದರೊಳಗೆ ನಾನೇ ಹಾರಿಬಿದ್ದು, ಹೌದು ಅಂಟುತ್ತೆ, ಮೊದಲಿನಿಂದಲೂ ಅಂಟುತ್ತೆ, ಅದೊಂದು ದರಿದ್ರ ಕೀ ಎಂದೆ.

"ಸುಳ್ಳು," ಎಂದಳು ಅಕ್ಕ ಕಿಟಕಿಯ ಕಡೆ ನೋಡುತ್ತಲೇ. "ಪಿಯಾನೋ ಆರಿಸಿ ತಂದಿರೋದು ನಾನು. ಯಾವ ಕೀನೂ ಅಂಟಲ್ಲ. ಬೇಕಾದ್ರೆ ಒತ್ತಿ ನೋಡಿ."

ಮುಖ್ಯಸ್ಥೆ ಕೈ ಚಾಚಿ ಒತ್ತಿದಳು. ಬೆರಳು ತೆಗೆದ ಕೂಡಲೇ ಕೀ ಮೇಲೆದ್ದಿತು. ಮತ್ತೆ ಒತ್ತಿದಳು, ಮತ್ತೆ ಎದ್ದಿತು. ಇನ್ನೊಂದೇನಾದರೂ ನುಡಿಸುತ್ತೀರಾ ಎಂದು ಮೆಲ್ಲಗೆ ಕೇಳಿದಳು. ಸೊಸೆ ಬೇಡವೆಂದು ತಲೆಯಲ್ಲಾಡಿಸಿದಳು. ಅವಳು ತನ್ನ ಕಿರುಬೆರಳನ್ನೇ ನೋಡುತ್ತಿದ್ದಳು. ಮಕ್ಕಳು ಕಲಿಸುವವರ ಕೈ ನೋಡಿಯೇ ಕಲಿಯುತ್ತಾರೆ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದು ಹೇಳಿ ಮುಖ್ಯಸ್ಥೆ ಎದ್ದಳು. ನಾನು ಅವಳನ್ನು ಗೇಟಿನವರೆಗೆ ಬಿಡಲು ಹೋದೆ. ಏನೇನೋ ಹೇಳಬೇಕೆಂದುಕೊಂಡೆ. ಸತ್ತ ಮಗಳ ಉಗುರಿನಿಂದ ಶುರುಮಾಡಿ ಬೀದಿಯಲ್ಲಿ ನಿಂತು ಯಾರಿಗೆ ಹೇಳಲಿ, ಯಾರು ನಂಬುತ್ತಾರೆ. ಅವಳು ಕೈಮುಗಿದು ಹೋದಳು.

ನಾನು ಒಳಗೆ ಬಂದಾಗ ಸೊಸೆ ಇನ್ನೂ ಅಲ್ಲೇ ಕೂತಿದ್ದಳು. ಅಕ್ಕ ಎದ್ದು ಅವಳ ಹಿಂದೆ ನಿಂತಿದ್ದಳು. ಈಗ ಬೈಯುತ್ತಾಳೆ, ಒಂದು ಮಾತು ಬೈಯಲಿ, ಇವತ್ತು ಇವಳ ಕತ್ತು ಹಿಚುಕಿಯೇ ಬಿಡುತ್ತೇನೆ ಎಂದು ನಾನು ಸೆರಗು ಸಿಕ್ಕಿಸಿಕೊಂಡೆ. ಅಕ್ಕ ಬೈಯಲಿಲ್ಲ. ಸೊಸೆಯ ತಲೆಯ ಮೇಲೆ ಕೈಯಿಟ್ಟಳು. ಮದುವೆಯಾಗಿ ಬಂದಂದಿನಿಂದ ಅವಳನ್ನು ಒಮ್ಮೆಯೂ ಮುಟ್ಟದ ಕೈ ಅದು.

"ಇವತ್ತು ಸರಿಯಾಗಿ ಬಂತು, ಮಗಳೇ," ಎಂದಳು. "ಮೂರು ಸಲವೂ."

ಆ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಬೆತ್ತದ ಕುರ್ಚಿಯನ್ನು ಕಿಟಕಿಯಿಂದ ಈಚೆ ಎಳೆದು, ಪಿಯಾನೋದ ಕಡೆ ತಿರುಗಿಸಿ, ಸೊಸೆಯ ಮುಖ ಕಾಣುವಂತೆ ಎದುರಿಗೆ ಕೂತಳು. ಇನ್ನೊಂದು ಸಲ ನುಡಿಸು ಗುಬ್ಬಿ ಎಂದಳು.

ಎದ್ದು ಬಾ, ನನ್ನ ಜೊತೆ ಮೇಲೆ ಬಾ ಎಂದು ನಾನು ಬಾಗಿಲಿಂದ ಕರೆದೆ. ಸೊಸೆ ನನ್ನ ಕಡೆ ತಿರುಗಲಿಲ್ಲ. ನೀಲಿ ರವಿಕೆಯ ತೋಳನ್ನು ಮೇಲೆ ಸರಿಸಿಕೊಂಡಳು, ಬೆನ್ನು ನೆಟ್ಟಗೆ ಮಾಡಿಕೊಂಡು ನುಡಿಸತೊಡಗಿದಳು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು.